ಮಾವನ ಕೊರಳಿಗೆ ಸಿಕ್ಕಿಸಿದ ಮೈಕು

ಮಾವನ ಗಂಟಲಿನ ಆಪರೇಷನ್ನಿಗೆ ಎಂಟು ದಿನ ಉಳಿದಿತ್ತು. ಹುಬ್ಬಳ್ಳಿಯ ಡಾಕ್ಟರು ಸುತ್ತಿ ಬಳಸದೆ ಹೇಳಿದ್ದರು: ಗಡ್ಡೆ ಧ್ವನಿಪೆಟ್ಟಿಗೆಯಲ್ಲೇ ಕೂತಿದೆ, ಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ. ಅಲ್ಲಿಯವರೆಗೆ ಗಂಟಲಿಗೆ ತ್ರಾಸು ಕೊಡಬೇಡಿ, ಜೋರಾಗಿ ಕೂಗಬೇಡಿ ಎಂದೂ ಹೇಳಿದ್ದರು. ಆ ಮಾತು ನನಗೆ ಚೆನ್ನಾಗಿ ನೆನಪಿತ್ತು. ನೆನಪಿದ್ದೂ ನಾನು ಏನು ಮಾಡಿದೆ ಎಂಬುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮಾವ ಎಂದರೆ ನನ್ನ ತಾಯಿಯ ಅಣ್ಣ. ಬಾದಾಮಿಯಿಂದ ಕೆರೂರ, ಬಾಗಲಕೋಟೆ, ಹುನಗುಂದದ ಮೇಲೆ ಇಳಕಲ್ಲಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಆಗಿ ಆಯುಷ್ಯ ಕಳೆದವರು. ಮಕ್ಕಳಿಲ್ಲ. ನನ್ನನ್ನೇ ಕೆರೂರಿನ ಮನೆಯಲ್ಲಿಟ್ಟುಕೊಂಡು ಓದಿಸಿದರು. ಅತ್ತೆಗೆ ಸಕ್ಕರೆ ಕಾಯಿಲೆಯಿಂದ ಎರಡು ವರ್ಷದ ಹಿಂದೆ ಕಣ್ಣು ಪೂರ್ತಿ ಹೋದವು. ಇನ್ನು ಮುಂದೆ ಆ ಮನೆಯಲ್ಲಿ ಕಾಣದ ಹೆಂಡತಿ, ಮಾತಾಡದ ಗಂಡ. ಅವರು ಬರೆದು ತೋರಿಸಿದರೆ ಇವರಿಗೆ ಕಾಣುವುದಿಲ್ಲ, ಸನ್ನೆ ಮಾಡಿದರೆ ತಿಳಿಯುವುದಿಲ್ಲ.

ಡಾಕ್ಟರ ಹತ್ತಿರ ಹೋಗಿಬಂದ ದಿನ ಅತ್ತೆ ನನ್ನ ಕೈ ಹಿಡಿದು ಕೂರಿಸಿಕೊಂಡರು. "ನೀ ಅದೇನೋ ಮಂದಿ ಮಾತು ಹಿಡದು ಮೊಬೈಲ್‌ದಾಗ ಬಿಡ್ತೀಯಲ್ಲ, ಹಂಗ ಇವರ ದನಿ ಒಂದಿಷ್ಟು ನನಗ ಹಿಡದಿಡು. ಮುಂದ ನನಗ ಇವರು ಮನ್ಯಾಗ ಅದಾರ ಅಂತ ಅನಸಬೇಕಲ್ಲವಾ" ಎಂದರು.

ನಾನು ಬಾಗಲಕೋಟೆಯಲ್ಲಿ ಹೈಸ್ಕೂಲು ಟೀಚರು. ಬಿಡುವಿನಲ್ಲಿ ನಮ್ಮ ಕಡೆಯ ಜನ ತಮ್ಮ ಕೆಲಸದ ಬಗ್ಗೆ ಹೇಳುವ ಒಂದು ಪಾಡ್‌ಕಾಸ್ಟ್ ಮಾಡುತ್ತೇನೆ. ಅದುವರೆಗೆ ಜನರನ್ನು ಮನೆಗೆ ಕರೆದು, ಜೋಳದ ಚೀಲ ಇಡುವ ಕೋಣೆಯಲ್ಲಿ ಕೂರಿಸಿ, ಗದ್ದಲ ಒಳಬರದ ಹಾಗೆ ಕಿಟಕಿಗೆ ಕೌದಿ ಕಟ್ಟಿ, ಫೋನಿನಲ್ಲೇ ಧ್ವನಿ ಹಿಡಿಯುತ್ತಿದ್ದೆ. ಮಾವನನ್ನೂ ಹಾಗೇ ಕೂರಿಸಬಹುದು ಎಂದುಕೊಂಡೆ. ಅವರು ಒಪ್ಪಲಿಲ್ಲ.

"ಕುಂತಲ್ಲಿ ನನಗ ಮಾತು ಹೊಂಡೂದಿಲ್ಲವಾ. ಬಸ್ ಹತ್ತಿದ್ರ ತಾವ ಬರ್ತಾವ. ಒಂದೊಂದು ಸ್ಟಾಪಿಗೆ ಒಂದೊಂದು ಕತಿ ಐತಿ."

ನನಗೆ ಒಳಗೊಳಗೇ ಕುಣಿಯುವಷ್ಟು ಸಂತೋಷವಾಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಆಗ ನನ್ನ ಕಣ್ಣೆದುರು ಬಂದದ್ದು ಅತ್ತೆಯಲ್ಲ, ನನ್ನ ಕೇಳುಗರು. ಮಾತು ಕಳೆದುಕೊಳ್ಳಲಿರುವ ಕಂಡಕ್ಟರು, ಓಡುವ ಬಸ್ಸು, ಕೊನೆಯ ಪ್ರಯಾಣ! ಇಂಥದ್ದು ಯಾರ ಬಳಿ ಇದೆ? ಅದಕ್ಕೆ ಚೀಲದಲ್ಲಿ ಒಯ್ಯುವಂಥ ಒಳ್ಳೆಯ ಸಾಮಾನು ಬೇಕು ಎಂದು ಮರುದಿನವೇ ಶಾಲೆಗೆ ರಜೆ ಹಾಕಿ ಅಂಗಡಿಗೆ ಓಡಿದೆ.

ಅಂಗಡಿಯವನು ಎರಡು ಬಗೆ ಮುಂದಿಟ್ಟ. ಒಂದು ಕೈಯಲ್ಲಿ ಹಿಡಿಯುವ ರೆಕಾರ್ಡರ್. ತಲೆಯ ಮೇಲೆ ಎರಡು ಪುಟ್ಟ ಮೈಕು, ಗಾಳಿ ತಾಗದಿರಲಿ ಎಂದು ತುಪ್ಪಳದ ಟೋಪಿ. ಅದು ಸುತ್ತಲಿನ ಸಪ್ಪಳವನ್ನೆಲ್ಲ ಇದ್ದದ್ದು ಇದ್ದ ಹಾಗೆ ಹಿಡಿಯುತ್ತದೆ. ಇನ್ನೊಂದು ಅಂಗಿಯ ಕಾಲರಿಗೆ ಸಿಕ್ಕಿಸುವ, ವೈರು ಇಲ್ಲದ ಮೈಕು. ಬೆರಳುದ್ದ. ಅದರ ಮೈಮೇಲೊಂದು ಬಟನ್, ಒತ್ತಿದರೆ ಹಸಿರು ದೀಪ.

"ಇದನ್ನ ಒತ್ರಿ ಮೇಡಂ, ಲೋಕದ ಗದ್ದಲ ಎಲ್ಲಾ ಖಲ್ಲಾಸ್. ಮನಶ್ಯಾನ ದನಿ ಒಂದ ಉಳೀತೈತಿ" ಎಂದ.

"ಗದ್ದಲ ಬೇಕು ಅಂದ್ರ ಮುಂದ ತಿರುಗಿ ಬರ್ತೈತೇನು?"

"ಅದು ಹೆಂಗ ಬರ್ತೈತ್ರಿ? ಹಿಡಿಯೂ ಮುಂದ ತಗದು ಒಗದಿರ್ತೈತಿ. ಆದ್ರ ಗದ್ದಲ ಯಾರಿಗಿ ಬೇಕ್ರಿ?"

ಯಾರಿಗೆ ಬೇಕು? ನನಗೂ ಹಾಗೇ ಅನಿಸಿತು. ಕಾಲರಿನದನ್ನೇ ತೆಗೆದುಕೊಂಡೆ. ರೆಕಾರ್ಡ್ ಆಗುವಾಗಲೇ ಕೇಳಲು ಹೆಡ್‌ಫೋನ್ ಒಯ್ಯಿರಿ ಎಂದೂ ಆ ಪುಣ್ಯಾತ್ಮ ಹೇಳಿದ್ದ. ಆಮೇಲೆ ಕೇಳಿದರಾಯಿತು ಎಂದು ಬಿಟ್ಟುಬಂದೆ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ, ಆತುರಗಾರ್ತಿಗೂ ಅಷ್ಟೇ.

ಅಂದೇ ಮಧ್ಯಾಹ್ನ ಕೆರೂರಿಗೆ ಹೋಗಿ ಮಾವನನ್ನು ಮನೆಯ ಮುಂದಿನ ಕಟ್ಟೆಯ ಮೇಲೆ ಕೂರಿಸಿ, ಕಾಲರಿಗೆ ಮೈಕು ಸಿಕ್ಕಿಸಿ, ಹಸಿರು ಬಟನ್ ಒತ್ತದೆ ಸುಮ್ಮನೆ ಒಂದು ಪರೀಕ್ಷೆ ಮಾಡಿದೆ. ಅವರು ಒಂದಿಷ್ಟು ಮಾತಾಡಿದರು. ಫೋನಿಗೆ ಕಿವಿ ಹಚ್ಚಿ ಕೇಳಿದರೆ ಪ್ರತಿ ಮಾತಿನ ನಡುವೆ ಕಿಣ್, ಕಿಣ್. ಕೈ ಎತ್ತಿದರೆ ಕಿಣ್, ಬಾಗಿದರೆ ಕಿಣ್. ಏನೆಂದು ನನಗೆ ತಕ್ಷಣ ಹೊಳೆಯಿತು. ಮಾವ ಕೊರಳಲ್ಲಿ ಇಷ್ಟಲಿಂಗ ಕಟ್ಟಿದವರು. ಲಿಂಗವಿರುವ ಬೆಳ್ಳಿಯ ಗುಂಡಗಡಗಿ ಅಂಗಿಯೊಳಗೆ ಎದೆಯ ಮೇಲೆ ತೂಗುತ್ತಿತ್ತು. ಅದೇ ಮೈಕಿಗೆ ಬಡಿಯುತ್ತಿದೆ ಎಂದುಕೊಂಡೆ. ಮತ್ತೆ ರೆಕಾರ್ಡ್ ಹಚ್ಚಿದೆ.

"ಮಾವ, ಆ ಗುಂಡಗಡಗಿ ಸಪ್ಪಳಾ ಮಾಡಾಕತ್ತೈತಿ. ಒಂದರ್ಧ ತಾಸು ತಗದು ಇಡ್ರಿ."

ಅವರು ನನ್ನನ್ನು ದಿಟ್ಟಿಸಿ ನೋಡಿದರು. "ಆ ಶಿವ ನನ್ನ ಹೊಟ್ಟ್ಯಾಗ ಹಾಕ್ಕೊಳ್ಳೂತನಕ ಲಿಂಗಾ ಮೈಮ್ಯಾಲಿಂದ ಬ್ಯಾರೆ ಮಾಡೂದಿಲ್ಲ. ನೀ ಇದ ಮನ್ಯಾಗ ಬೆಳದಾಕಿ, ನಿನಗ ನಾ ಹೇಳಬೇಕಾ?"

"ಹಂಗಾದ್ರ ಬೆನ್ನಿಗೆ ಸರಸ್ರಿ, ಬಗಲಾಗ ಹಿಡೀರಿ, ಏನರೆ ಮಾಡ್ರಿ! ಎಂಟು ದಿನಾ ಉಳದಾವು, ನಿಮಗ ಸಪ್ಪಳಾ ಮುಖ್ಯೇನು, ಮಾತು ಮುಖ್ಯ?"

ಮಾವ ಅಂಗಿಯ ಮೇಲಿಂದ ಎದೆ ಹಿಡಿದುಕೊಂಡರು. "ಅದು ಇರಲಿ ಬಿಡವಾ" ಎಂದಷ್ಟೇ ಹೇಳಿ, "ಏ, ಚಾ ಆತೇನ? ಟೀಚರಬಾಯಾರು ಸಿಟ್ಟಾಗ್ಯಾರ" ಎಂದು ಒಳಗೆ ಕೂಗಿದರು. ನಾನು ಫೋನು ಬಂದ್ ಮಾಡಿದೆ. ಲಿಂಗದ ಬಗ್ಗೆ ಆಡಬಾರದ್ದನ್ನು ಆಡಿದೆನೆಂದು ಕಸಿವಿಸಿಯಾಯಿತು. ಆದರೆ ತಪ್ಪು ಒಪ್ಪಿಕೊಳ್ಳುವ ಬದಲು ಮೈಕಿನ ಹಸಿರು ಬಟನ್ ಒತ್ತಿ ಇನ್ನೊಂದು ಗಳಿಗೆ ಹಿಡಿದು ಕೇಳಿದೆ. ಕಿಣ್ ಮಾಯ. ಸಮಸ್ಯೆಯೇ ಮುಗಿಯಿತು ಎಂದು ಬೀಗಿದೆ.

ಮರುದಿನ ಬಾದಾಮಿಯಲ್ಲಿ ಬಸ್ ಹತ್ತಿದೆವು. ಮಾವ ಕಂಡಕ್ಟರ್ ಸೀಟಿನ ಹಿಂದೆ ಕೂತು ನಿಜಕ್ಕೂ ಬೇರೆ ಮನುಷ್ಯರಾದರು. ಸಂತೆಯ ದಿನ ಕೆರೂರಿನಲ್ಲಿ ಕೋಳಿಗೆ ಟಿಕೆಟ್ ಕೇಳಿದ್ದಕ್ಕೆ ಮುದುಕಿಯೊಬ್ಬಳು ಕೋಳಿಯನ್ನೇ ಸೀಟಿನ ಮೇಲೆ ಕೂರಿಸಿ ತಾನು ನಿಂತು ಬಂದದ್ದು. ಅಮೀನಗಡದಲ್ಲಿ ಬಸ್ ನಿಂತಾಗೆಲ್ಲ ಅತ್ತೆಗೆಂದು ಕರದಂಟು ಕೊಳ್ಳುತ್ತಿದ್ದದ್ದು, ಅದು ಮನೆ ಮುಟ್ಟುವ ಹೊತ್ತಿಗೆ ಅರ್ಧವಾಗಿರುತ್ತಿದ್ದದ್ದು. ಗುಡೂರಿನ ಹುಡುಗಿಯೊಬ್ಬಳು ಇಳಕಲ್ ಸೀರೆಯ ಗಂಟು ಬಸ್ಸಿನಲ್ಲೇ ಬಿಟ್ಟು ಇಳಿದಾಗ ಇವರು ಬಸ್ ನಿಲ್ಲಿಸಿ ಓಡಿದ್ದು. ಬಸ್ಸಿನ ಕಿಟಕಿಗಳು ಗಡಗಡ, ಎಂಜಿನ್ನು ಗುಡುಗುಡು. ಫೋನಿನಲ್ಲಿ ಅವರ ಧ್ವನಿಯ ಗೆರೆ ಬಾಡಿದ ಬಳ್ಳಿಯ ಹಾಗೆ ಮಲಗಿಬಿಡುತ್ತಿತ್ತು. ಬಸ್ಸನ್ನು ಅಳಿಸುವ ಭರದಲ್ಲಿ ಮೈಕು ಅವರ ಮಾತನ್ನೂ ಒಂದಿಷ್ಟು ನುಂಗುತ್ತಿದೆ ಎಂದು ನನಗೆ ತಿಳಿಯಲಿಲ್ಲ. ನಾನು ಎದುರು ಕೂತು ಕೈ ಮೇಲೆತ್ತಿ ಸನ್ನೆ ಮಾಡುತ್ತಲೇ ಇದ್ದೆ: ಜೋರು, ಇನ್ನೂ ಜೋರು.

ಅವರು ಜೋರು ಮಾಡಿದರು. ಹುನಗುಂದ ದಾಟುವಾಗ ಒಮ್ಮೆ ಗಂಟಲು ಹಿಡಿದುಕೊಂಡು ನೀರು ಕೇಳಿದರು. ಕೊಟ್ಟೆ. ಸಾಕು ಎನ್ನಬೇಕಿತ್ತು. ಇಳಕಲ್ ಇನ್ನೇನು ಬಂತು, ಅದೊಂದು ಮುಗಿಸೋಣ ಎಂದೆ.

ಇಳಕಲ್ಲಿನ ಸ್ಟ್ಯಾಂಡಿನಲ್ಲಿ ಇಳಿದು ಚಹಾ ಹೇಳಲು ಬಾಯಿ ತೆರೆದರು. ಗಾಳಿಯಷ್ಟೇ ಬಂತು. ಇನ್ನೊಮ್ಮೆ ಪ್ರಯತ್ನಿಸಿದರು. ತುಟಿ ಆಡಿತು, ಧ್ವನಿ ಇಲ್ಲ. ಚಹಾದವನು "ಏನ್ರಿ? ಏನ್ರಿ?" ಎಂದು ಎರಡು ಸಲ ಕೇಳಿದ. ಮಾವ ನನ್ನತ್ತ ತಿರುಗಿ, ನಾನು ಎಲ್ಲಿ ಅಳುತ್ತೇನೋ ಎಂದು ನಕ್ಕರು. ಚಹಾ ನಾನೇ ಹೇಳಿದೆ.

ನಾಳೆ ಬರುತ್ತದೆ, ನಾಡಿದ್ದು ಬರುತ್ತದೆ ಎಂದು ಕಾದೆವು. ಉಪ್ಪುನೀರು, ಕಷಾಯ, ಮೌನ. ದಿನಕ್ಕೊಮ್ಮೆ ಡಾಕ್ಟರಿಗೆ ಫೋನು. ಧ್ವನಿ ಬರಲಿಲ್ಲ. ಕಿವಿಯ ಹತ್ತಿರ ಬಾಯಿಟ್ಟರೆ ಕೇಳುವಷ್ಟು ಪಿಸುಮಾತು ಮಾತ್ರ. ಎಂಟು ದಿನದ ಮಾತನ್ನು ನಾನು ಒಂದೇ ದಿನದಲ್ಲಿ ಖರ್ಚು ಮಾಡಿಸಿದ್ದೆ. ಅತ್ತೆ ಒಂದು ಮಾತೂ ಬೈಯಲಿಲ್ಲ, ಅದೇ ಹೆಚ್ಚು ಸಂಕಟ.

ಹುಬ್ಬಳ್ಳಿಗೆ ಹೊರಡುವ ಹಿಂದಿನ ಸಂಜೆ ಮಾವ ಬಟ್ಟೆಬರೆ ಕಟ್ಟುತ್ತಿದ್ದಾಗ ಅತ್ತೆಯ ಮಗ್ಗುಲಲ್ಲಿ ಕೂತು ಬಸ್ಸಿನ ರೆಕಾರ್ಡಿಂಗ್ ಹಚ್ಚಿದೆ. ಇದೊಂದಾದರೂ ಇದೆಯಲ್ಲ ಎಂಬ ಧೈರ್ಯ. ಬಸ್ಸಿನ ಸಪ್ಪಳ ಒಂದಿಷ್ಟೂ ಇರಲಿಲ್ಲ. ಖಾಲಿ ಕೋಣೆಯಲ್ಲಿ ಒಬ್ಬ ಮನುಷ್ಯ ಕಾರಣವಿಲ್ಲದೆ ಕಿರುಚುತ್ತಿದ್ದ. ನಡುನಡುವೆ ಅವನ ಮಾತು ತುಂಡಾಗಿ ನೀರಿನಲ್ಲಿ ಮುಳುಗಿದಂತೆ ಗೊಳಗೊಳ ಎನ್ನುತ್ತಿತ್ತು. ಅತ್ತೆ ತಲೆ ವಾಲಿಸಿ ಕೇಳಿದರು.

"ಯಾರ ಮ್ಯಾಲ ಬೈಯಾಕತ್ತಾರ?"

"ಬೈಯಾಕತ್ತಿಲ್ಲ ಅತ್ತಿ, ಬಸ್ಸಿನ್ಯಾಗ ಕತಿ ಹೇಳಾಕತ್ತಾರ."

"ಬಸ್ ಎಲ್ಲೈತಿ?" ಎಂದವರು ಫೋನಿಗೆ ಇನ್ನಷ್ಟು ಬಾಗಿ, "ದನಿ ಅವರದ ಖರೆ. ಆದ್ರ ಇದರಾಗ ಅವರಿಲ್ಲವಾ. ಕೀಲಿಕೈ ಸಪ್ಪಳಾ ಎಲ್ಲಿ ಹೋತು?" ಎಂದರು.

"ಯಾವ ಕೀಲಿಕೈ?"

"ನನ್ನ ಟ್ರಂಕಿಂದು. ಕಣ್ಣು ಹೋದಾಗ ನಾನ ಅವರ ಶಿವದಾರಕ್ಕ ಕಟ್ಟೀನಿ. ಗುಂಡಗಡಗಿಗೆ ಬಡದು ಕಿಣಿಕಿಣಿ ಅಂತೈತಿ. ಹಿತ್ತಲದಾಗ ಅದಾರೋ, ಅಡಗೀಮನ್ಯಾಗ ಅದಾರೋ, ನನಗ ಗೊತ್ತಾಗ್ತೈತಿ. 'ನಾ ಏನು ಎತ್ತಾ, ಕೊರಳಿಗೆ ಗಂಟಿ ಕಟ್ಟಾಕ?' ಅಂತ ಮೊದಲ ಭಾಳ ಒದರ್ಯಾಡಿದ್ರು. ಆಮ್ಯಾಲ ಒಂದಿನಾನೂ ಬಿಚ್ಚಲಿಲ್ಲ."

ರೆಕಾರ್ಡಿಂಗ್ ನಿಲ್ಲಿಸಿದೆ. ಎರಡು ವರ್ಷದಿಂದ ಆ ಮನೆಗೆ ಬಂದುಹೋಗುತ್ತಿದ್ದೆ, ಆ ಸಪ್ಪಳ ಕಿವಿಗೆ ಬಿದ್ದಿರಲೇಬೇಕು. ಊರಮಂದಿಯ ಧ್ವನಿ ಹಿಡಿಯುವವಳಿಗೆ ಅದೊಂದು ಕೇಳಿಸಿರಲಿಲ್ಲ. ಅದನ್ನು ಲಿಂಗದ್ದೆಂದು ತಿಳಿದು ಜಗಳವಾಡಿದೆ. ಕೀಲಿಕೈ ತಾನೇ ಎಂದು ಮಾವ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಹೇಳಿದ್ದರೆ ಬಿಚ್ಚಿಡಿ ಎನ್ನುತ್ತಿದ್ದೆ. ಏಕೆ ಬಿಚ್ಚುವುದಿಲ್ಲ ಎಂದು ಹೇಳಲು ಅವರಿಗೆ ನಾಚಿಕೆ.

ಬಸ್ಸಿನ ರೆಕಾರ್ಡಿಂಗಿನಲ್ಲಿ ಕಿಣಿಕಿಣಿ ಇಲ್ಲ, ಇನ್ನು ತಿರುಗಿ ಬರುವುದೂ ಇಲ್ಲ. ಅಂಗಡಿಯವನು ಮೊದಲೇ ಹೇಳಿದ್ದ. ಉಳಿದದ್ದು ಒಂದೇ, ಕಟ್ಟೆಯ ಮೇಲಿನ ಪರೀಕ್ಷೆ. ಅದನ್ನು ಅಳಿಸಿಬಿಟ್ಟಿದ್ದೇನೋ ಏನೋ! ಫೋನು ತಡಕಾಡಿದೆ. ಇತ್ತು. ಜಗಳದ ತುಣುಕೇ ಇತ್ತು. ಹಚ್ಚಿದೆ. ಕಿಣ್, ಕಿಣ್. ನನ್ನ ಕರ್ಕಶ ಗಂಟಲು. ಮಾವನ "ಅದು ಇರಲಿ ಬಿಡವಾ." ಆಮೇಲೆ ಚಹಾಕ್ಕಾಗಿ ಒಳಗೆ ಕೂಗಿದ ಆ ಕೂಗು.

ಅತ್ತೆಯ ಮುಖ ಅರಳಿತು. "ಹಾಂ, ಇದರಾಗ ಅದಾರ" ಎಂದರು.

ಆಪರೇಷನ್ ಕೋಣೆಗೆ ಒಯ್ಯುವ ಮುಂಚೆ ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟಲು ನರ್ಸ್ ಒಪ್ಪಿದಳು. ಬೆಳ್ಳಿಯ ಗುಂಡಗಡಗಿಯನ್ನೂ ಕೀಲಿಕೈಯನ್ನೂ ನನ್ನ ಕೈಗೆ ಕೊಟ್ಟಳು. ಮಾವ ಸ್ಟ್ರೆಚರಿನ ಮೇಲಿಂದ ಕೀಲಿಕೈಯತ್ತಲೇ ನೋಡುತ್ತಿದ್ದರು. "ಕಳಕೊಳ್ಳೂದಿಲ್ಲ ಮಾವ" ಎಂದೆ. ಕೆಲವು ದಿನಕ್ಕೆ ಲಿಂಗ ಗುಂಡಗಡಗಿಯಲ್ಲಿ ಕೂತು ಮಾವನ ಎದೆಗೆ ಮರಳಿತು, ಆದರೆ ಆಸ್ಪತ್ರೆಯಲ್ಲಿ ಕಳೆದೀತೆಂದು ಕೀಲಿಕೈಯನ್ನು ಮಾತ್ರ ಮೂರು ವಾರ ಪರ್ಸಿನ ಒಳಜೇಬಿನಲ್ಲೇ ಇಟ್ಟು ಗಳಿಗೆಗೊಮ್ಮೆ ಮುಟ್ಟಿ ನೋಡುತ್ತಿದ್ದೆ.

ಮೊದಲೇ ತಿಳಿಸದೆ ಮಾವನನ್ನು ಕೆರೂರಿಗೆ ಕರೆತಂದ ದಿನ ಮಧ್ಯಾಹ್ನ. ಅಷ್ಟು ದಿನ ಅತ್ತೆಯ ಜೊತೆಗಿರಲು ಬಂದಿದ್ದ ಅವರ ತಂಗಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅತ್ತೆ ಪಡಸಾಲೆಯಲ್ಲಿ ಗೋಡೆಗೊರಗಿ ಕೂತಿದ್ದರು, ತೊಡೆಯ ಮೇಲೆ ನಾನು ಆ ಜಗಳದ ತುಣುಕು ಹಾಕಿಕೊಟ್ಟಿದ್ದ ಫೋನು. ಅದರಲ್ಲಿ ನಾನು ಮಾವನಿಗೆ ಜೋರು ಮಾಡುತ್ತಿದ್ದೆ: "ನಿಮಗ ಸಪ್ಪಳಾ ಮುಖ್ಯೇನು, ಮಾತು ಮುಖ್ಯ?" ಎಷ್ಟನೆಯ ಸಲವೋ. ಮಾವ ಹೊಸ್ತಿಲಲ್ಲಿ ನಿಂತರು. ಕೊರಳಿಗೆ ಬಿಳಿ ಬಟ್ಟೆ, ಅದರ ಹಿಂದಿನ ತೂತಿನಿಂದ ಉಸಿರು. ಹೊಸ ಮನುಷ್ಯನ ಉಸಿರು ಅದು, ಅತ್ತೆಗೆ ಗುರುತಿಲ್ಲದ್ದು.

ಅತ್ತೆ ಫೋನು ನಿಲ್ಲಿಸಿ ಮುಖ ಎತ್ತಿದರು. "ಯಾರು?"

ಮಾವನ ತುಟಿ ಅಲುಗಿತು. ಏನೂ ಬರಲಿಲ್ಲ.

"ಯಾರದು? ಮಾತಾಡ್ರಿ" ಎಂದರು ಅತ್ತೆ. ಧ್ವನಿಯಲ್ಲಿ ಹೆದರಿಕೆ ಬಂದಿತ್ತು.

ನಾನು ಹೇಳಲು ಬಾಯಿ ತೆರೆದೆ. ಮಾವ ಕೈ ಅಡ್ಡ ಹಿಡಿದು ತಡೆದರು. ಆಮೇಲೆ ಅದೇ ಕೈಯನ್ನು ನನ್ನ ಮುಂದೆ ಚಾಚಿದರು. ಪರ್ಸಿನ ಒಳಜೇಬಿನಿಂದ ಒಂದು ಕೀಲಿಕೈ ತೆಗೆಯಲು ನನಗೆ ಒಂದು ಯುಗವೇ ಹಿಡಿಯಿತು. ಕೊಟ್ಟೆ. ಅವರು ಅಂಗಿಯೊಳಗಿನಿಂದ ಗುಂಡಗಡಗಿ ಹೊರತೆಗೆದು, ಕೀಲಿಕೈಯನ್ನು ಅದಕ್ಕೆ ಎರಡು ಸಲ ತಾಗಿಸಿದರು.

ಅತ್ತೆ ಸೆರಗು ಸರಿಮಾಡಿಕೊಂಡರು.

"ಬಂದ್ರಿ?" ಎಂದರು. "ಮತ್ತ ಬಾಗಲಾಗ ಯಾಕ ನಿಂತೀರಿ? ಕೈಕಾಲು ತೊಳಕೊಂಡು ಒಳಗ ಬರ್ರಿ."