ಕೋಟೆ ಸಿಡಿಯುವ ಮೊದಲಿನ ಸೀಟಿ

ವಾಡಿಯ ಸುಣ್ಣಕಲ್ಲಿನ ಗಣಿಯಲ್ಲಿ ಆಯುಷ್ಯವೆಲ್ಲ ಮದ್ದು ಸಿಡಿಸಿ ನಿವೃತ್ತನಾದ ಸಿದ್ರಾಮಪ್ಪನಿಗೆ ಈಗ ಆಕಾಶಯುದ್ಧದ ಸಿನಿಮಾಗಳದೇ ಹುಚ್ಚು. ಟಿವಿಯಲ್ಲಿ ಗ್ರಹಗಳನ್ನೆಲ್ಲ ಆಳುವ ಚಕ್ರವರ್ತಿ ಕಾಣಿಸಿದರೆ ಸಾಕು, "ನೋಡು, ನೆಲ ಅಗಿಯೋರು ಬಡ ಮಂದಿ, ಅರಮನಿ ಮಾತ್ರ ಅವಂದು" ಎಂದು ಹೆಂಡತಿ ಶಿವಗಂಗಾಳಿಗೆ ಯೂನಿಯನ್ ಭಾಷಣ ಶುರುಮಾಡುತ್ತಾನೆ. ದಂಗೆಕೋರರು ಗೆದ್ದರೆ ಓಣಿಗೆಲ್ಲ ಪೇಢೆ ಹಂಚುತ್ತಾನೆ. ಆದರೆ ಅವರು ಚಕ್ರವರ್ತಿಯ ಕೋಟೆಗೆ ಮದ್ದಿಟ್ಟ ಕೂಡಲೇ ಎದ್ದು ನಿಂತು, ಗಣಿಯಲ್ಲಿ ಮದ್ದು ಸಿಡಿಸುವ ಮೊದಲು ಜನ ದೂರ ಸರಿಯಲೆಂದು ಊದುತ್ತಿದ್ದ ಹಳೆಯ ಸೀಟಿಯನ್ನು ಉದ್ದಕ್ಕೆ ಊದುತ್ತಾನೆ. "ಯಾರಿಗಿ ಊದಾಕತ್ತೀರಿ?" ಎಂದು ಶಿವಗಂಗಾ ಒಮ್ಮೆ ನಕ್ಕಿದ್ದಳು. "ಕ್ವಾಟಿ ಅವಂದೇ ಇರಲಿ, ಒಳಗ ಪಾಳಿ ಮ್ಯಾಲ ಇರೋರು ಕೂಲಿ ಮಂದಿ. ಹೇಳದೆ ಹ್ಯಾಂಗ ಸಿಡಸೋದು?" ಎಂದಿದ್ದ. ಅವತ್ತು ಬೆರಗಾಗಿ ಕೂತ ಶಿವಗಂಗಾ, ಈಗ ಸೀಟಿ ಕೇಳಿದೊಡನೆ ರಿಮೋಟ್ ಒತ್ತಿ ಸಿನಿಮಾ ನಿಲ್ಲಿಸುತ್ತಾಳೆ. ಒಳಗಿನವರೆಲ್ಲ ದೂರ ಸರಿಯುವಷ್ಟು ಹೊತ್ತು ಕಾಯುತ್ತಾಳೆ.