ಅಳಿಸಿದ ತಗ್ಗು

ನನ್ನ ಸೋದರತ್ತೆ ವೀಕ್ಷಣಾಲಯದಲ್ಲಿ ಮೂವತ್ತು ವರ್ಷ ಕ್ಷುದ್ರಗ್ರಹಗಳ ಬೆಳಕಿನ ಏರಿಳಿತವನ್ನು ಕಾಗದದ ಮೇಲೆ ಗೆರೆಯಾಗಿ ಎಳೆದವರು. ಮಂಗಳದಾಚೆ ತಿರುಗುವ ಪುಟ್ಟದೊಂದರ ಗೆರೆಯಲ್ಲಿ ಒಮ್ಮೆ ಇರಬಾರದ ಕಡೆ ಸಣ್ಣ ತಗ್ಗು ಕಂಡಿತು.

"ಮೋಡ ಅಡ್ಡ ಬಂದಿರುತ್ತೆ ಮೇಡಂ. ಇಲ್ಲಾಂದ್ರೆ ಕನ್ನಡಕ ಒರೆಸ್ಕೊಂಡು ನೋಡಿ," ಎಂದು ಮೇಲಧಿಕಾರಿ ನಕ್ಕರು.

ಅತ್ತೆಯೂ ನಕ್ಕು, ರಬ್ಬರಿನಿಂದ ತಗ್ಗನ್ನು ಅಳಿಸಿ ಗೆರೆಯನ್ನು ನಯಮಾಡಿದರು.

ಹನ್ನೊಂದು ವರ್ಷದ ಮೇಲೆ ಬೇರೆ ಯಾರೋ ಅದೇ ತಗ್ಗನ್ನು ಕಂಡು, ಅಲ್ಲಿರುವುದು ಒಂದಲ್ಲ, ಜೋಡಿ ಕ್ಷುದ್ರಗ್ರಹ; ಚಿಕ್ಕದು ದೊಡ್ಡದರ ಮುಂದೆ ಹಾದಾಗೆಲ್ಲ ಬೆಳಕು ತಗ್ಗುತ್ತದೆ ಎಂದು ಸಾರಿದರು.

"ಆ ಮೇಲಧಿಕಾರಿ ಮಾತು ಕೇಳಿ ತಾನೇ ನೀವು ಅಳಿಸಿದ್ದು, ಬಿಡಿ ಅತ್ತೆ," ಎಂದೆ.

"ಅವರು ಅಳಿಸಿ ಅನ್ನಲಿಲ್ಲ ಕಣೆ. ನಕ್ಕರು, ಅಷ್ಟೆ. ಮೋಡವಿಲ್ಲದ ಮೂರು ರಾತ್ರಿಯೂ ಅದೇ ತಗ್ಗು ಕಂಡಿತ್ತು ಅಂತ ನಾನೇ ಬಾಯಿಬಿಡಲಿಲ್ಲ."