ಬಳೆ ಬೂಬುವಿನ ಬಲಗೈ

ಆಕೆಯ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಗೆರೆಗಳಿರಲಿಲ್ಲ. ಗಾಜಿನ ಬಳೆ ತಿರುಗಿಸಿ ತಿರುಗಿಸಿ ಅಲ್ಲಿಯ ಚರ್ಮ ಸವೆದು ಹೊಳೆಯ ಕಲ್ಲಿನಂತೆ ನುಣುಪಾಗಿತ್ತು. ಅದರ ಮೇಲೆ ಗಾಜು ಕೊಯ್ದ ಹಳೆಯ ಗುರುತುಗಳು ಬಿಳಿಯ ಎಳೆಗಳಂತೆ ಕಾಣುತ್ತಿದ್ದವು. ಕಡುಬೇಸಿಗೆಯಲ್ಲೂ ಆ ಬೆರಳು ತಣ್ಣಗಿರುತ್ತಿತ್ತು. ಹಳಿಯಾಳದ ನಮ್ಮ ಮನೆಯ ಪಡಸಾಲೆಯಲ್ಲಿ ಎದುರು ಕುಳಿತು ಆಕೆ ನನ್ನ ಕೈ ಹಿಡಿದಾಗ ಮೊದಲು ತಿಳಿಯುತ್ತಿದ್ದದ್ದು ಆ ತಂಪು.

ಊರಿಗೆಲ್ಲ ಆಕೆ ಬಳೆ ಬೂಬು. ಬಳೆಗಳನ್ನು ಹಗ್ಗಕ್ಕೆ ಪೋಣಿಸಿದ ಮಲಾರವನ್ನು ಹೆಗಲಿಗೆ ಹಾಕಿಕೊಂಡು ಮುಂಡಗೋಡದ ಕಡೆಗೂ ಹೋಗುತ್ತಿದ್ದಳು, ಕಾಡು ದಾಟಿ ಅಣಶಿಯ ಕಡೆಗೂ ಹೋಗುತ್ತಿದ್ದಳು. ಅಲ್ಲಿ ಕೊಂಕಣಿ, ಇಲ್ಲಿ ಕನ್ನಡ, ತನ್ನ ಮನೆಯಲ್ಲಿ ಉರ್ದು. ಯಾರ ಕೈಯನ್ನೂ ಅಳತೆ ಮಾಡಿದವಳಲ್ಲ. ಒಮ್ಮೆ ನೋಡಿ ಮಲಾರದಿಂದ ಬಳೆ ತೆಗೆದರೆ ಅದು ಅವರದೇ ಅಳತೆ. ಎಡಗೈಯಿಂದ ನಮ್ಮ ಅಂಗೈಯನ್ನು ಹಿಂಡಿ, ಹೆಬ್ಬೆರಳನ್ನು ಒಳಕ್ಕೆ ಮಡಿಸಿ, ಬಲಗೈಯ ಎರಡು ಬೆರಳಿನಿಂದ ಬಳೆಯನ್ನು ತಿರುಗಿಸುತ್ತಾ ಗೆಣ್ಣು ದಾಟಿಸುವಳು. ನಾವು ಕೈ ಬಿಗಿ ಹಿಡಿದರೆ ಬಯ್ಯುವಳು.

"ಕೈ ಸಡ್ಲ ಬಿಡು ತಂಗಿ. ಇದು ನಿಂದಲ್ಲ ಅನ್ಕೋ. ಸಂತ್ಯಾಗ ಯಾರೋ ಮರ್ತು ಹೋದ ಕೈ ಅನ್ಕೋ."

ನನಗೆ ಯಾರಾದರೂ ಮೈ ಮುಟ್ಟಿದರೆ ಆಗುತ್ತಿರಲಿಲ್ಲ. ತಾಯಿ ತಲೆ ಬಾಚುವಾಗಲೂ ಕುತ್ತಿಗೆ ಸೆಟೆದುಕೊಳ್ಳುತ್ತಿತ್ತು. ಧಾರವಾಡದಲ್ಲಿ ಓದು ಮುಗಿಸಿ ಬಂದು, ಶಾಲೆಯ ಕೆಲಸಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದ ದಿನಗಳಲ್ಲಿ ಆಕೆ ತಾಯಿಗೆ ಕೇಳುವಂತೆ ಅಂದಿದ್ದಳು: "ಬಿ.ಎ. ಮುಗಿಸಿ ಬಂದಾಳ ನೋಡ್ರಿ ನಿಮ್ಮ ಮಗಳು. ಕೈ ಸಡ್ಲ ಬಿಡೂದೊಂದು ಯಾ ಪುಸ್ತಕದಾಗೂ ಇರಲಿಲ್ಲೇನೋ!" ನನಗೂ ನಗು ಬಂತು. ಆಕೆಯ ಕೈಯಲ್ಲಿ ಮಾತ್ರ ನನ್ನ ಕೈ ನಿಧಾನವಾಗಿ ಸಡಿಲವಾಗುತ್ತಿತ್ತು. ಬೇರೆ ಯಾರಿಗೂ ನಾನು ಅದನ್ನು ಕೊಟ್ಟಿಲ್ಲ.

ಎರಡನೆಯ ಮಹಾಯುದ್ಧ ಶುರುವಾದ ಮರುವರ್ಷ. ಬೂಬುವಿನ ಮಗ ದಾಂಡೇಲಿಯಲ್ಲಿ ಮರ ಕೊಯ್ಯುವ ಮಿಲ್ಲಿನಲ್ಲಿದ್ದ. ಅವನನ್ನು ಕಂಡು ಗಾಡಿಯಲ್ಲಿ ಹಿಂದಿರುಗುವಾಗ ಆಕೆಯ ಬಲಗೈಯಿಂದ ಎಲೆಯಡಿಕೆ ಜಾರಿ ಬಿತ್ತಂತೆ. ಹಳಿಯಾಳ ಮುಟ್ಟುವಷ್ಟರಲ್ಲಿ ಬಾಯಿ ಸೊಟ್ಟಗಾಗಿ ಮಾತು ನಿಂತಿತ್ತು. ಲಕ್ವಾ ಹೊಡೆದಿತ್ತು. ಹದಿನೈದು ದಿನಕ್ಕೆ ಮಾತು ಮರಳಿತು, ಎರಡು ತಿಂಗಳಿಗೆ ಕಾಲು ಎಳೆಯುತ್ತಾ ನಡೆದಳು. ಕೈ ಬರಲಿಲ್ಲ.

ಔಷಧ ಕೊಡುವ ಮುದುಕನೊಬ್ಬ ಎಣ್ಣೆ ಹಚ್ಚಿ, ಎಕ್ಕದ ಎಲೆ ಸುತ್ತಿ, ಕೈಯನ್ನು ಬಿಗಿದು ಕಟ್ಟಿದ. ಮುರಿದ ಎಲುಬಿಗೆ ಹೇಗೋ ಹಾಗೆ ಈ ಕೈಗೂ ವಿಶ್ರಾಂತಿ ಬೇಕು, ಅಲುಗಬಾರದು ಎಂದ. ನಾವೆಲ್ಲ ನಂಬಿದೆವು. ಆಕೆಗೆ ಇನ್ನೊಂದು ಕಾರಣವೂ ಇತ್ತು. ಮದುವೆ, ಸೀಮಂತದ ಮನೆಗಳಿಗೆ ಹೋಗುವವಳು ಲಕ್ವಾ ಹೊಡೆದ ಕೈಯನ್ನು ಜನರಿಗೆ ತೋರಿಸಬಾರದು. ಸೆರಗಿನೊಳಗೆ ಮುಚ್ಚಿಟ್ಟುಕೊಳ್ಳುತ್ತಿದ್ದಳು, ಅದು ಜಾರಿ ಜಾರಿ ಹೊರಗೆ ಬೀಳುತ್ತಿತ್ತು. ನೋಡಲಾರದೆ ನಾನು ದಪ್ಪ ಬಟ್ಟೆಯ ಒಂದು ಚೀಲ ಹೊಲಿದುಕೊಟ್ಟೆ. ಕೊರಳಿಗೆ ಹಾಕಿಕೊಂಡರೆ ಮೊಣಕೈಯಿಂದ ಬೆರಳಿನವರೆಗೆ ಕೈ ಅದರಲ್ಲಿ ಕೂರುತ್ತಿತ್ತು. ಹೊಲಿಗೆ ಚೆನ್ನಾಗಿ ಬಂದಿತ್ತು. ನನಗೆ ಹೆಮ್ಮೆಯೂ ಆಗಿತ್ತು.

ಆಮೇಲೆ ಎಡಗೈಗೆ ಕಲಿಸಿದೆ. ಬಳೆ ಎಣಿಸುವುದು, ಒಂದೇ ಕೈಯಿಂದ ಹಗ್ಗದ ಗಂಟು ಬಿಚ್ಚುವುದು, ಸೆರಗು ಸಿಕ್ಕಿಸುವುದು. ಬೇಗ ಕಲಿತಳು. ಎಡಗೈ ಅನ್ನ ಮುಟ್ಟುವಂತಿಲ್ಲ, ಆದ್ದರಿಂದ ಸೊಸೆ ತುತ್ತು ಮಾಡಿ ಉಣಿಸುತ್ತಿದ್ದಳು. ಎಡಗೈಯಿಂದ ಇಡಿಸಿದ ಬಳೆಯನ್ನು ಯಾರೂ ಒಪ್ಪುವುದಿಲ್ಲ, ಆದ್ದರಿಂದ ಹೆಂಗಸರು ಬಳೆ ಕೊಂಡು ತಾವೇ ಏರಿಸಿಕೊಳ್ಳುತ್ತಿದ್ದರು. ಆಕೆ ಪಕ್ಕದಲ್ಲಿ ಕುಳಿತು ನೋಡುತ್ತಿದ್ದಳು.

"ಎಲ್ಲಾರಿಗೂ ನಿಂದಲ್ಲ ಅನ್ಕೋ ಅಂತಿದ್ದೆ," ಎಂದು ಒಂದು ದಿನ ಅಂದಳು. "ಈಗ ನೋಡು ತಂಗಿ, ನಂದ ನಂದಲ್ಲ." ನಕ್ಕಳು. ಮುಖದ ಅರ್ಧ ಮಾತ್ರ ನಕ್ಕಿತು.

ಆ ಮಳೆಗಾಲಕ್ಕೆ ಸೊಸೆಗೆ ಮೂರು ತಿಂಗಳು ತುಂಬಿತು. ಹಿಂದೆ ಎರಡು ಸಲ ನಿಂತಿರಲಿಲ್ಲ. ಏಳನೆಯ ತಿಂಗಳಲ್ಲಿ ಬಸುರಿಗೆ ಹಸಿರು ಬಳೆ ಇಡಿಸುವುದು ಅವರಲ್ಲೂ ಇದೆ. ಊರಿನ ಬಸುರಿಯರಿಗೆಲ್ಲ ಬಳೆ ಇಡಿಸಿದವಳಿಗೆ ತನ್ನ ಸೊಸೆಗೆ ಇನ್ನೊಬ್ಬರು ಇಡಿಸುವುದನ್ನು ನೋಡುವುದು ಬೇಡವಾಗಿತ್ತು.

"ಅದೊಂದು ದಿನ ಈ ಕೈ ಬರಲಿ. ಆಮ್ಯಾಲ ಬಿದ್ದು ಹೋದ್ರೂ ಚಿಂತಿಲ್ಲ."

ಜ್ವರದ ಕಾಲವಾದ್ದರಿಂದ ಊರೂರು ಸುತ್ತುವ ಸರಕಾರಿ ಡಾಕ್ಟರೊಬ್ಬರು ಚಾವಡಿಯಲ್ಲಿ ಕುಳಿತು ಕ್ವಿನೈನ್ ಕೊಡುತ್ತಿದ್ದರು. ಆಕೆಯನ್ನು ಕರೆದುಕೊಂಡು ಹೋದೆ. ಅವರು ಚೀಲದಿಂದ ಕೈ ಹೊರತೆಗೆದು ಬೆರಳುಗಳನ್ನು ಬಿಡಿಸಿ ನೋಡಿದರು.

"ಎಷ್ಟು ತಿಂಗಳಾತು?"

"ಐದ್ರಿ."

"ಐದು ತಿಂಗಳು ಕಟ್ಟಿ ಇಟ್ಟೀರೇನು? ಈ ಚೀಲಾ ಯಾರು ಹೊಲದ್ರು?"

ನಾನು ಬಾಯಿ ತೆರೆಯುವ ಮೊದಲೇ ಬೂಬು ಅಂದಳು: "ನಾನ ಹೊಲಕೊಂಡಿನ್ರಿ, ಸಾಹೇಬ್ರ."

ಒಂದೇ ಕೈಯಿಂದ ಇಷ್ಟು ಸಣ್ಣ, ಸಮನಾದ ಹೊಲಿಗೆ ಹೇಗೆ ಬಂತು ಎಂದು ಡಾಕ್ಟರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಆ ಹೊತ್ತಿನ ಮೌನವನ್ನು ಇದುವರೆಗೆ ಯಾರ ಮುಂದೆಯೂ ಒಪ್ಪಿಕೊಂಡಿಲ್ಲ.

ಓದಿದವಳೆಂದು ಡಾಕ್ಟರು ನನಗೆ ಬಿಡಿಸಿ ಹೇಳಿದರು. ಕೆಟ್ಟದ್ದು ಕೈಯಲ್ಲ, ಕೈಗೆ ಅಪ್ಪಣೆ ಕೊಡುವ ಮಿದುಳಿನ ಒಂದು ಭಾಗ. ಬಲಗೈಯ ಅಪ್ಪಣೆ ಎಡಮಿದುಳಿನಿಂದ ಬರುತ್ತದೆ. ಸತ್ತ ಭಾಗ ಮತ್ತೆ ಹುಟ್ಟುವುದಿಲ್ಲ. ಆದರೆ ಅದರ ಸುತ್ತ ಉಳಿದ ಭಾಗ ಆ ಕೆಲಸವನ್ನು ಅಷ್ಟಿಷ್ಟು ಕಲಿಯಬಹುದು.

"ಕೈ ದಿನಾ ಕೆಲಸಾ ಕೇಳಬೇಕು, ಆಗ ಅದು ಕಲೀತದ. ನೀವು ಎಡಗೈಗೆ ಎಲ್ಲಾ ಕಲಿಸಿ ಬಲಗೈ ಕೇಳೂದನ್ನ ನಿಲ್ಲಿಸಿಬಿಟ್ರಿ. ಕಟ್ಟೂದಿದ್ರ ಎಡಗೈ ಕಟ್ಟಬೇಕಿತ್ತು. ಅದೂ ಮೊದಲನೇ ತಿಂಗಳದಾಗ."

"ಈಗ ಕಟ್ಟಿದ್ರ?" ಎಂದು ಬೂಬು ಕೇಳಿದಳು.

"ನೋಡ್ರಿ. ಹಿಡಿಯೂದು ಬರಬಹುದು. ಬಿಡೂದು ತಡಾ ಆಗಿ ಬರ್ತದ, ಬಂದ್ರ. ಗಾಬರಿ ಆದಾಗಂತೂ ಮುಷ್ಟಿ ಇನ್ನೂ ಬಿಗೀತದ."

ಮರುದಿನದಿಂದ ಬೆಳಗಿನಿಂದ ಮಧ್ಯಾಹ್ನದವರೆಗೆ ಆಕೆಯ ಎಡಗೈಯನ್ನು ಹಳೆಯ ದುಪಟ್ಟಾದಿಂದ ಸೊಂಟಕ್ಕೆ ಕಟ್ಟುತ್ತಿದ್ದೆ. ಉಣಿಸಬೇಡ ಎಂದು ಬೂಬುವೇ ಸೊಸೆಗೆ ಹೇಳಿದಳು. ರೊಟ್ಟಿ ಮುರಿಯಲಾಗುತ್ತಿರಲಿಲ್ಲ, ಅನ್ನ ಬಾಯಿ ಮುಟ್ಟುವ ಮೊದಲೇ ಮಡಿಲಿಗೆ ಬೀಳುತ್ತಿತ್ತು. ಎಷ್ಟೋ ದಿನ ಆಕೆ ಹಸಿದೇ ಎದ್ದಳು.

"ನಮ್ಮತ್ತಿ ಹಸ್ಕೊಂಡು ಕುಂತಾರ, ನೀವು ಗಂಟು ಬಿಗಿ ಐತೋ ಇಲ್ಲೋ ನೋಡಾಕತ್ತೀರಿ," ಎಂದು ಸೊಸೆ ನನ್ನ ಮೇಲೆ ಸಿಟ್ಟಾದಳು. "ಭಾಳ ಕಲ್ತೀರಿ ಅಕ್ಕೋರ ನೀವು."

"ನೀ ಸುಮ್ಕಿರು. ನಿನ್ನ ಕೈಯಾಗ ಬಳಿ ಇಡೂದ ಐತಿ ನನಗ," ಎಂದು ಬೂಬು ಗದರಿದಳು.

ಮೊದಲು ಭುಜ ಎದ್ದಿತು. ಎಷ್ಟೋ ದಿನಗಳ ಮೇಲೆ ಮೊಣಕೈ. ಬೆರಳುಗಳು ಮಾತ್ರ ಮಡಿಸಿಕೊಂಡೇ ಇದ್ದವು. ಮಳೆ ಕಡಿಮೆಯಾಗುತ್ತಿದ್ದ ಒಂದು ಬೆಳಿಗ್ಗೆ ಹೆಬ್ಬೆರಳು ಜೋಳದ ಕಾಳಿನ ಅಗಲದಷ್ಟು ಸರಿಯಿತು. ಇಬ್ಬರೂ ನೋಡಿದೆವು. ಆಮೇಲೆ ಆಕೆ, ಕೊಟ್ಟಿಗೆ ಬಿಟ್ಟು ಬರದ ಆಡಿನ ಮರಿಯನ್ನು ಕರೆಯುವಂತೆ, ಆ ಬೆರಳಿಗೆ "ಆಜಾ, ಆಜಾ" ಎಂದು ಮೆಲ್ಲಗೆ ಕರೆಯತೊಡಗಿದಳು.

ನೆಟ್ಟಗೆ ನಿಲ್ಲಿಸಿದ ಲಟ್ಟಣಿಗೆಗೆ ಬಳೆ ತೊಡಿಸುವುದನ್ನು ಮೊದಲು ರೂಢಿ ಮಾಡಿದೆವು. ಸೊಸೆಗೆ ಆರು ತುಂಬುವ ಹೊತ್ತಿಗೆ ನನ್ನ ಕೈಯನ್ನೇ ಕೊಟ್ಟೆ. ಗಾಜು ಚುಚ್ಚಿ ಮುಂಗೈ ತುಂಬ ಗೀರುಗಳಾದವು. ಕೇಳಿದ ತಾಯಿಗೆ ಮಲ್ಲಿಗೆ ಚಪ್ಪರದ ತಂತಿ ತಾಗಿತೆಂದೆ. ಬಳೆ ಒಡೆದರೆ, ಆ ಮಾತು ಅಪಶಕುನವೆಂದು, ಆಕೆ 'ಒಡೆಯಿತು' ಎನ್ನುತ್ತಿರಲಿಲ್ಲ. "ಹೆಚ್ಚಿತು" ಎನ್ನುವಳು, ಮತ್ತೊಂದು ತೆಗೆದುಕೊಳ್ಳುವಳು. ಕೊನೆಗೆ ಒಂದು ದಿನ ಬಳೆ ನನ್ನ ಗೆಣ್ಣು ದಾಟಿತು. ಆಕೆ ನನ್ನ ಕೈಗೆ ಹಣೆ ಹಚ್ಚಿ ಅತ್ತಳು. ನಾನು ಕೈ ಎಳೆದುಕೊಳ್ಳಲಿಲ್ಲ.

ಒಂದು ಸಂಗತಿಯನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಪ್ರತಿ ಸಲ ಬಳೆ ಏರಿದ ಮೇಲೂ ಆಕೆಯ ಬೆರಳುಗಳು ನನ್ನ ಕೈಯನ್ನು ಹಿಡಿದೇ ಇರುತ್ತಿದ್ದವು. ನಾನು ಇನ್ನೊಂದು ಕೈಯಿಂದ ಕಿರುಬೆರಳಿನಿಂದ ಶುರುಮಾಡಿ ಒಂದೊಂದಾಗಿ ಬಿಡಿಸುತ್ತಿದ್ದೆ. ಕ್ಷಣದ ಕೆಲಸ. ಚೀಲ ಹೊಲಿದಾಗ ಮಾಡಿದ್ದನ್ನೇ ಮತ್ತೆ ಮಾಡುತ್ತಿದ್ದೆ: ಆ ಕೈ ಕೇಳುವ ಮೊದಲೇ ಅದರ ಕೆಲಸವನ್ನು ನಾನು ಮಾಡಿ ಮುಗಿಸುತ್ತಿದ್ದೆ. ಬಿಡುವುದು ತಡವಾಗಿ ಬರುತ್ತದೆಂದು ಡಾಕ್ಟರು ಹೇಳಿದ್ದು ನೆನಪಿರಲಿಲ್ಲವೆಂದಲ್ಲ. ಆಕೆಯ ಸಂತೋಷ ನೋಡುತ್ತಾ ಅದನ್ನು ಹೇಳಲು ಮನಸ್ಸಾಗಲಿಲ್ಲ.

ಆ ದಿನ ಅವರ ಮನೆ ತುಂಬ ಹೆಂಗಸರಿದ್ದರು. ಸೊಸೆಯ ತಾಯಿ ಮುಂಡಗೋಡದಿಂದ ಬಂದಿದ್ದಳು. ನಾನು ಬಾಗಿಲ ಹತ್ತಿರ ಕುಳಿತಿದ್ದೆ.

"ಎಡಗೈಲೆ ಮುಟ್ಟಬ್ಯಾಡ್ರಿ ಮತ್ತ," ಎಂದಳು ಆ ತಾಯಿ.

"ಬಲಗೈನ ಐತಿ, ನೋಡ್ಕೋರಿ!" ಬೂಬು ಕೈ ಎತ್ತಿ ತೋರಿಸಿದಳು. ಹೆಂಗಸರು ನಕ್ಕರು.

ಮೊದಲನೆಯ ಹಸಿರು ಬಳೆ ನಿಧಾನವಾಗಿ ಗೆಣ್ಣು ದಾಟಿತು. ಯಾರೋ "ಅಲ್ಲಾ!" ಎಂದರು. ಮುಚ್ಚಿದ ಬೆರಳುಗಳನ್ನು ಆಕೆ ಎಡಗೈ ತಾಗಿಸದೆ, ತೊಡೆಗೆ ಒತ್ತಿ ಹೇಗೋ ಬಿಡಿಸಿಕೊಂಡಳು. ಎಲ್ಲರೂ ನೋಡುತ್ತಿದ್ದರು. ಎರಡನೆಯದು ಗೆಣ್ಣಿನ ಮೇಲೆ ಬಂದು ನಿಂತಿತು, ಅಲ್ಲಿ ಆ ಕೈ ಬಿಗಿಯಿತು. ಬಳೆ, ಸೊಸೆಯ ಬೆರಳು, ಎಲ್ಲ ಸೇರಿ ಮುಷ್ಟಿಯೊಳಗೆ.

"ಬಿಡ್ರಿ ಅತ್ತಿ, ನೋಯಾಕತ್ತೈತಿ."

"ಬಿಡಾಕ ಬರವಲ್ದು." ಬೂಬು ನನ್ನ ಕಡೆ ನೋಡಿದಳು. "ತಂಗೀ, ಬಿಡಾಕ ಬರವಲ್ದು."

ನಾನು ಎದ್ದು ಆ ಹೆಂಗಸರನ್ನು ದಾಟುವಷ್ಟರಲ್ಲಿ ತಾಯಿ ಮಗಳ ಕೈಯನ್ನು ಜಗ್ಗಿದಳು. ಬಳೆ ಮುಷ್ಟಿಯಲ್ಲೇ ಪುಡಿಯಾಯಿತು. ಸೊಸೆಯ ಮುಂಗೈಯಿಂದ ರಕ್ತ ಹಸಿರು ಸೀರೆಗೆ ಇಳಿಯಿತು. 'ಹೆಚ್ಚಿತು' ಎಂದು ಯಾರೂ ಅನ್ನಲಿಲ್ಲ. ನಾನು ಬೂಬುವಿನ ಬೆರಳುಗಳನ್ನು ಬಿಡಿಸಿ ಗಾಜಿನ ಚೂರು ತೆಗೆಯುತ್ತಿದ್ದಾಗ ಹಿಂದಿನಿಂದ "ಏಳ, ನಡಿ ನಮ್ಮೂರಿಗೆ" ಎಂಬ ಮಾತು ಕೇಳಿಸಿತು. ಸಂಜೆಯೊಳಗೆ ಸೊಸೆಯನ್ನು ಕರೆದುಕೊಂಡು ಹೋದರು.

ಮರುದಿನ ದುಪಟ್ಟಾ ಹಿಡಿದು ಹೋದೆ. ಆಕೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. "ಸಾಕು ತಂಗಿ. ಇನ್ನು ಅದನ್ನ ಎಬ್ಬಸಬ್ಯಾಡ," ಎಂದಳು. ನನ್ನ ಮೇಲೆ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ಮುಂಡಗೋಡದಲ್ಲಿ ಗಂಡುಕೂಸು ಹುಟ್ಟಿತು, ತಾಯಿ ಮಗು ಚೆನ್ನಾಗಿದ್ದರು. ಬಂದು ನೋಡಿ ಹೋಗೆಂದು ಮಗ ಕರೆದ. "ಈ ಕೈ ತೊಗೊಂಡು ಎಲ್ಲಿ ಹೋಗ್ಲಿ," ಎಂದು ಆಕೆ ಹೋಗಲಿಲ್ಲ. ಬೆರಳುಗಳು ಮಡಿಸಿಕೊಂಡು ಉಗುರುಗಳು ಅಂಗೈಗೆ ನಾಟುತ್ತಿದ್ದವು. ಉಗುರು ಕತ್ತರಿಸಲು ಮಾತ್ರ ನನಗೆ ಕೈ ಕೊಡುತ್ತಿದ್ದಳು. ಚಳಿಗಾಲದಲ್ಲಿ ಜ್ವರ ಬಂತು. ಮೊಮ್ಮಗನನ್ನು ನೋಡದೆ ಹೋದಳು.

ಜ್ವರ ಜೋರಾದ ಸುದ್ದಿ ತಿಳಿದು ಹೊರಟಿದ್ದ ಸೊಸೆ ಕೂಸಿನೊಂದಿಗೆ ಬಂದು ಮುಟ್ಟಿದ್ದು ಉಸಿರು ನಿಂತ ಸ್ವಲ್ಪ ಹೊತ್ತಿಗೆ. ದೇಹ ತೊಳೆದ ಹೆಂಗಸರಲ್ಲಿ ಅವಳೂ ಇದ್ದಳು. ಎಲ್ಲ ಮುಗಿದ ಮೇಲೆ ನನ್ನನ್ನು ಹುಡುಕಿಕೊಂಡು ನಮ್ಮ ಮನೆಗೆ ಬಂದು ಬಾಗಿಲಲ್ಲೇ ನಿಂತಳು.

"ತೊಳಿಯೂ ಮುಂದ ಆ ಮುಷ್ಟಿ ತಾನ ಬಿಚ್ಚಿತ್ರಿ, ಅಕ್ಕೋರ. ಒಂದೊಂದ ಬೆರಳು ಸಡ್ಲ ಆದ್ವು. ಕಡೀಕೂ ಅವರ ಕೈ ಆರಾಮಾತು, ಅಲ್ಲೇನ್ರಿ?"

ನನಗೆ ಸಮಾಧಾನವಾಗಲೆಂದು ಅವಳು ಅದನ್ನು ಹೇಳಲು ಬಂದಿದ್ದಳು. ಹಿಡಿ, ಹಿಡಿ ಎಂದು ಮಿದುಳು ತಪ್ಪಾಗಿ ಅಪ್ಪಣೆ ಕೊಡುತ್ತಿದ್ದದ್ದು ಸಾವಿನೊಂದಿಗೆ ನಿಂತಿತ್ತು, ಅಷ್ಟೇ. ಅದು ನನಗೆ ಗೊತ್ತಿತ್ತು. ಹೌದು ಎಂದೆ.